ದೊಡ್ಡಗದ್ದವಳ್ಳಿಯ ಶಿಖರವೂ ಗಣಿತದ ಗೋಲವೂ

ಹೊಯ್ಸಳ ಶಿಲ್ಪಿಗಳು ದುಂಡಾದ ರೂಪಗಳನ್ನು ಆರಿಸಿಕೊಂಡುದು ಅವು ಸ್ವಭಾವತಃ ಸ್ಥಿರವಾದುದರಿಂದ ಎಂಬ ಮಾತು ನಮ್ಮ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಗಣಿತದ ಬೆಂಬಲವಿದೆಯೆನ್ನುವವರೂ ಉಂಟು. ಆ ಬೆಂಬಲವನ್ನು ಇಲ್ಲಿ ಪರೀಕ್ಷಿಸಬಯಸುತ್ತೇವೆ.

ಗಣಿತಜ್ಞರು ಹೇಳುವುದಾದರೂ ಏನು? ಒಂದು ಆವೃತ ತಲದ ಸರಾಸರಿ ವಕ್ರತೆ ಎಲ್ಲೆಡೆಯೂ ಒಂದೇ ಆಗಿದ್ದರೆ, ಒಳಗಣ ಘನಫಲವನ್ನು ಕೆಡಿಸದೆ ಅದನ್ನು ತುಸು ಅಲುಗಿಸಿದಾಗ ವಿಸ್ತೀರ್ಣ ಮೊದಲ ಎಣಿಕೆಯಲ್ಲಿ ಬದಲಾಗದು. ಹೇಗೆ ಅಲುಗಿಸಿದರೂ ಎರಡನೆಯ ಎಣಿಕೆಯಲ್ಲಿಯೂ ಅದು ಕುಗ್ಗದಿದ್ದರೆ ಮಾತ್ರ ಆ ತಲ ಸ್ಥಿರ. ವಕ್ರತೆ ಸಮವಾಗಿರುವ ತಲಗಳು ಅನೇಕ. ತಿರುಗಣೆಯಲ್ಲಿ ಕಡೆದಂತಿರುವ ಅಂಥ ತಲಗಳನ್ನು 1841ರಲ್ಲಿ ದೆಲೊನೆ ವಿಂಗಡಿಸಿದನು. ಮೂರು ಆಯಾಮದ ಗೋಲದೊಳಗಿನ ಕ್ಲಿಫರ್ಡ್ ಟೋರಸ್ ಇನ್ನೊಂದು ನಿದರ್ಶನ. ಸ್ಥಿರತೆಯಾದರೋ ಅಪರೂಪ. ಬಾರ್ಬೋಸಾ, ದೊ ಕಾರ್ಮೊ, ಎಶೆನ್‌ಬುರ್ಗ್ ಇವರು 1988ರಲ್ಲಿ ತೋರಿಸಿದಂತೆ, ಗೋಲಾವಕಾಶದಲ್ಲಿ ಇಂಥ ಆವೃತ ಅಧಿತಲಗಳ ಪೈಕಿ ಸ್ಥಿರವಾದುವು ಗೋಲಗಳು ಮಾತ್ರ. ಕ್ಲಿಫರ್ಡ್ ಟೋರಸ್ ಸ್ಥಿರವಲ್ಲ. ಅಂದಮೇಲೆ ವಕ್ರತೆ ಸಮವಾಗಿದೆಯೆಂಬುದರಿಂದಲೇ ಸ್ಥಿರತೆ ಸಿದ್ಧಿಸದು.

ಅದಿರಲಿ, ಈ ಸ್ಥಿರತೆ ವಿಸ್ತೀರ್ಣದ್ದು, ಸಾಬೂನಿನ ಗುಳ್ಳೆಗೆ ಒಪ್ಪುವಂಥದು. ಕಲ್ಲಿನ ಕಟ್ಟಡಕ್ಕೆ ಭಾರದ ಲೆಕ್ಕವೇ ಬೇರೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನೇ ನೋಡಬಹುದು. ವಿಷ್ಣುವರ್ಧನನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಎರಡನೆಯ ದಶಕದಲ್ಲಿ, ವರ್ತಕ ಕುಲ್ಲಹಣ ರಾಹುತನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಈ ಚತುಷ್ಕೂಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ದುಂಡು ರೂಪವಲ್ಲ. ಹಂತಹಂತವಾಗಿ ಕಿರಿದಾಗುತ್ತ ಏರುವ ಕದಂಬ ನಾಗರ ಶಿಖರ. ಬೇಲೂರು, ಹಳೇಬೀಡುಗಳ ಮುಖ್ಯ ಗುಡಿಗಳಿಗೆ ಈಗ ಶಿಖರವೇ ಇಲ್ಲ. ಆದುದರಿಂದ ಕಟ್ಟಣೆಯ ಕ್ರಮವನ್ನು ಅರಿಯಬಯಸುವ ವಿದ್ಯಾರ್ಥಿ ಅಲಂಕಾರ ಕಡಿಮೆಯಾದ ಈ ಗುಡಿಗೇ ಬರುವುದು ಲೇಸು. ಇಲ್ಲಿ ಸ್ತರದ ಮೇಲೆ ಸ್ತರ ಅಡ್ಡಲಾಗಿ ಕುಳಿತಿದೆ. ಅಗಲವಾದ ಬುಡ, ಕಿರಿದಾಗುವ ತುದಿ: ನಿಲುವಿಗೆ ಇಷ್ಟು ಸಾಕು, ವಕ್ರತೆಯ ಹಂಗಿಲ್ಲ.

ದುಂಡು ಕಂಬಗಳ ಸಂಗತಿಯೂ ಹೀಗೆಯೇ. ಅವುಗಳ ದುಂಡುತನಕ್ಕೆ ಮೃದುವಾದ ಬಳಪದ ಕಲ್ಲೂ ತಿರುಗಣೆಯೂ ಸಾಕಾದಷ್ಟು ಕಾರಣ.

ಹೊಯ್ಸಳ ಗುಡಿಗಳ ಬೋಗುಣಿಯಂಥ ಭುವನೇಶ್ವರಿಗಳನ್ನು ಗುಮ್ಮಟವೆನ್ನುವ ರೂಢಿಯನ್ನಂತೂ ನಾವು ಒಪ್ಪಲಾರೆವು. ಗುಮ್ಮಟದ ಕಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಇಲ್ಲಿಯವು ಒಂದರ ಮೇಲೊಂದು ಒಳಕ್ಕೆ ಚಾಚಿವೆ, ಚಾಚಿದ ತುದಿಯನ್ನು ಹಿಂಬದಿಯ ಭಾರ ಹಿಡಿದಿದೆ. ಜೀರ್ಣೋದ್ಧಾರಕ್ಕೆ ತೊಡಗಿದವರು ಹೆಸರನ್ನು ನಂಬಿ ಆ ಭಾರವನ್ನು ಅನವಶ್ಯಕವೆಂದು ಇಳಿಸಿದರೆ, ಒಳಗಿನ ಕಲ್ಲು ಹಿಡಿತ ತಪ್ಪೀತು.