ಇಳಿದ ತೂಕ, ಉಳಿದ ಚರ್ಮ

ತೂಕ ಇಳಿಸುವ ಉದ್ಯಮವನ್ನು ನಾವು ಒಂದೇ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ: ಎಷ್ಟು ಕಿಲೋ, ಎಷ್ಟು ದಿನದಲ್ಲಿ? ದೆಹಲಿಯ ಓಖ್ಲಾದಲ್ಲಿ ಓಡಾಡಿದವರಿಗೆ ಈ ಅಳತೆಗೋಲಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಜಾಮಿಯಾ ನಗರ, ಬಾಟ್ಲಾ ಹೌಸ್, ಜಾಕಿರ್ ನಗರದ ಇಕ್ಕಟ್ಟು ಗಲ್ಲಿಗಳ ಜಿಮ್ ಬೋರ್ಡುಗಳು, ಗೋಡೆಗೆ ಹಚ್ಚಿದ ಚೀಟಿಗಳು, ಮೊಬೈಲಿಗೆ ಬಂದು ಬೀಳುವ ಜಾಹೀರಾತುಗಳು ಎಲ್ಲವೂ ಮಾರುವುದು ವೇಗವನ್ನೇ. ಅಲ್ಲಿಂದ ಸ್ವಲ್ಪವೇ ದೂರದ ಓಖ್ಲಾ ರಸ್ತೆಯಲ್ಲಿ ಹೋಲಿ ಫ್ಯಾಮಿಲಿ ಮತ್ತು ಫೋರ್ಟಿಸ್ ಎಸ್ಕಾರ್ಟ್ಸ್ ಆಸ್ಪತ್ರೆಗಳಿವೆ, ಸರಿತಾ ವಿಹಾರದಲ್ಲಿ ಅಪೋಲೊ ಇದೆ. ವೇಗದ ಭರವಸೆ ಮತ್ತು ವೈದ್ಯಕೀಯ ಎಚ್ಚರಿಕೆ ಇಷ್ಟು ಹತ್ತಿರದಲ್ಲಿದ್ದರೂ ಇವೆರಡರ ನಡುವೆ ಮಾತುಕತೆಯಿಲ್ಲ. ಈ ಬರಹದ ವಿಮರ್ಶೆಗೆ ಒಳಗಾಗಿರುವುದು ಆ ಮೌನವೇ. ಭಾರಿ ತೂಕ ಇಳಿಸಿದವರ ಮೈಮೇಲೆ ಜೋತುಬಿದ್ದು ಉಳಿಯುವ ಚರ್ಮದ ವಿಷಯದಲ್ಲಿ ಅದು ಅತ್ಯಂತ ಗಾಢವಾಗಿದೆ.

ಬೇಡಿಕೆ ಸುಮ್ಮನೆ ಹುಟ್ಟಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೆಹಲಿಯ ಮಹಿಳೆಯರಲ್ಲಿ ಶೇ 41ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. ಪುರುಷರಲ್ಲಿ ಶೇ 38. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ನಿದ್ದೆಯಲ್ಲಿ ಉಸಿರುಗಟ್ಟುವಿಕೆ ಇವನ್ನೆಲ್ಲ ಹೊತ್ತು ಬದುಕುವವರಿಗೆ ತೂಕ ಇಳಿಸುವುದು ಸೌಂದರ್ಯದ ಶೋಕಿಯಲ್ಲ. ಹಾಗಾಗಿ ಇಳಿಸಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಇಳಿಸಿಕೊಡುತ್ತೇವೆ ಎನ್ನುವವರು ಪೂರ್ತಿ ಸತ್ಯ ಹೇಳುತ್ತಿದ್ದಾರೆಯೇ ಎಂಬುದು ಪ್ರಶ್ನೆ.

ಮೊದಲು ಈ ಉದ್ಯಮದ ಮುಖ್ಯ ಸಾಕ್ಷ್ಯವನ್ನೇ ನೋಡೋಣ: ‘ಮೊದಲು–ಆಮೇಲೆ’ ಎಂಬ ಜೋಡಿ ಚಿತ್ರ. ಎಡಕ್ಕೆ ಬಿಗಿ ಅಂಗಿಯಲ್ಲಿ ಬೊಜ್ಜಿನ ದೇಹ, ಬಲಕ್ಕೆ ನಗುಮುಖದ ತೆಳ್ಳನೆ ದೇಹ. ಬಲಗಡೆಯವರು ಹೆಚ್ಚಾಗಿ ತುಂಬುತೋಳಿನ ಬಟ್ಟೆಯಲ್ಲೇ ಇರುತ್ತಾರೆ. ನಲವತ್ತು, ಐವತ್ತು ಕಿಲೋ ಇಳಿಸಿದವರ ತೋಳಿನ ಕೆಳಭಾಗ, ಕಿಬ್ಬೊಟ್ಟೆ, ತೊಡೆಯ ಒಳಬದಿ, ಎದೆ ಹೇಗಿರುತ್ತವೆ ಎಂಬುದನ್ನು ಆ ಚಿತ್ರ ತೋರಿಸುವುದಿಲ್ಲ. ಚಿತ್ರ ಸುಳ್ಳಲ್ಲದಿರಬಹುದು, ಆದರೆ ಅದನ್ನು ನಂಬಿ ಹೊರಟವರು ವರ್ಷದ ನಂತರ ಕನ್ನಡಿಯ ಮುಂದೆ ನಿಂತು ‘ನಾನೇನು ತಪ್ಪು ಮಾಡಿದೆ’ ಎಂದು ಕೇಳಿಕೊಳ್ಳುತ್ತಾರೆ. ಅವರ ತಪ್ಪು ಏನೂ ಇರುವುದಿಲ್ಲ. ಅವರಿಗೆ ಮೊದಲೇ ಹೇಳಬೇಕಾದವರು ಹೇಳಿರುವುದಿಲ್ಲ, ಅಷ್ಟೇ.

ಚರ್ಮ ಯಾಕೆ ಜೋಲುತ್ತದೆ? ಚರ್ಮದ ಒಳಪದರಕ್ಕೆ ಬಲ ಕೊಡುವುದು ಕಾಲಜನ್ ಎಂಬ ನಾರು; ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಿರುಗುವ ಗುಣ ಕೊಡುವುದು ಎಲಾಸ್ಟಿನ್. ಎಲಾಸ್ಟಿನ್ ಬಹುಪಾಲು ತಯಾರಾಗುವುದು ಗರ್ಭದಲ್ಲಿ ಮತ್ತು ಎಳವೆಯಲ್ಲಿ. ದೊಡ್ಡವರ ದೇಹ ಅದನ್ನು ಹೊಸದಾಗಿ ನೇಯುವುದು ತೀರಾ ಕಡಿಮೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಈ ನಾರುಗಳು ತೆಳುವಾಗಿ, ಹರಿದು, ಅಡ್ಡಾದಿಡ್ಡಿಯಾಗಿರುತ್ತವೆ. ಒಳಗಿನ ಕೊಬ್ಬು ಕರಗಿದರೂ ಅವು ಹಳೆಯ ಅಳತೆಗೆ ಮರಳುವುದಿಲ್ಲ. ಎಷ್ಟು ಜೋಲುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿಗಳು ಹಲವು: ಎಷ್ಟು ಕಿಲೋ ಇಳಿಯಿತು, ಎಷ್ಟು ವರ್ಷ ಆ ತೂಕ ಹೊತ್ತಿದ್ದಿರಿ, ವಯಸ್ಸೆಷ್ಟು, ಬಸಿರು ಎಷ್ಟು ಸಲ, ಬೀಡಿ ಸಿಗರೇಟು ಇದೆಯೇ, ಬಿಸಿಲಿಗೆ ಎಷ್ಟು ಮೈಯೊಡ್ಡಿದ್ದೀರಿ, ತಂದೆತಾಯಿಯಿಂದ ಎಂಥ ಚರ್ಮ ಬಂದಿದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ.

ಇಲ್ಲೇ ಒಂದು ಜನಪ್ರಿಯ ಸಲಹೆಯನ್ನು ಪರೀಕ್ಷೆಗೆ ಒಡ್ಡಬೇಕು. ‘ನಿಧಾನವಾಗಿ ಇಳಿಸಿ, ಚರ್ಮ ತಾನಾಗಿ ಬಿಗಿಯಾಗುತ್ತದೆ’ ಎಂದು ಜಿಮ್ ತರಬೇತುದಾರರೂ ಹೇಳುತ್ತಾರೆ, ನೆಂಟರೂ ಹೇಳುತ್ತಾರೆ. ಇದು ಅರೆಸತ್ಯ. ಹತ್ತು ಹದಿನೈದು ಕಿಲೋ ಇಳಿಸುವ ಇಪ್ಪತ್ತೈದರ ಹರೆಯದವರಿಗೆ ಇದು ನಿಜವಾಗಬಹುದು. ಐವತ್ತು ಕಿಲೋ ಇಳಿಸುವ ನಲವತ್ತೈದರವರ ಚರ್ಮ ಎಷ್ಟೇ ನಿಧಾನಿಸಿದರೂ ಜೋಲುತ್ತದೆ. ಈ ಅರೆಸತ್ಯದ ಅಪಾಯವೆಂದರೆ ಅದು ಜೋತುಬಿದ್ದ ಚರ್ಮವನ್ನು ಅವಸರದ ಶಿಕ್ಷೆಯಾಗಿ ನೋಡುತ್ತದೆ. ಶಿಸ್ತಿನಿಂದ ವರ್ಷವಿಡೀ ನಡೆದವರನ್ನೂ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತದೆ.

ಹಾಗಾದರೆ ನಿಧಾನ ಬೇಡವೇ? ಬೇಕು. ಅದು ಬೇಕಿರುವುದು ಹೊರಗಿನ ಚರ್ಮಕ್ಕಿಂತ ಹೆಚ್ಚಾಗಿ ಒಳಗಿನ ಅಂಗಗಳಿಗಾಗಿ. ಕೊಬ್ಬು ತೀರಾ ವೇಗವಾಗಿ ಕರಗುವಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ಜಿಡ್ಡಿಲ್ಲದ ಅರೆಹೊಟ್ಟೆ ಊಟದಿಂದ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ಎರಡೂ ಸೇರಿ ಕಲ್ಲುಗಳಾಗುತ್ತವೆ. ವಾರಕ್ಕೆ ಒಂದೂವರೆ ಕಿಲೋ ಮೀರಿದರೆ ಈ ಅಪಾಯ ಏರುತ್ತದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎಂಬ ವೈದ್ಯರ ಮಾತಿಗೆ ಇಂಥ ಆಧಾರಗಳಿವೆ. ಈ ಲೆಕ್ಕದಲ್ಲಿ ನಲವತ್ತು ಕಿಲೋ ಇಳಿಸಲು ನಲವತ್ತರಿಂದ ಎಂಬತ್ತು ವಾರ ಬೇಕು. ಮೂರು ತಿಂಗಳ ಭರವಸೆ ಕೊಡುವವರ ಮುಂದೆ ಇಡಬೇಕಾದ ಗಣಿತ ಇದು.

ವೇಗದ ಚರಿತ್ರೆಯಲ್ಲಿ ಸಾವುಗಳೂ ಇವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಆಹಾರವೆಂಬ ಹುಚ್ಚು ಹಬ್ಬಿತು. ಪ್ರಾಣಿಗಳ ಚರ್ಮ, ಸ್ನಾಯುಬಂಧಗಳಿಂದ ತೆಗೆದ ಕಾಲಜನ್ನೇ ಅದರಲ್ಲಿ ಮುಖ್ಯ. ದೇಹಕ್ಕೆ ಬೇಕಾದ ಪೂರ್ಣ ಪ್ರೋಟೀನ್ ಅದಲ್ಲ. ಅದನ್ನೇ ನಂಬಿ ತಿಂಗಳುಗಟ್ಟಲೆ ಉಪವಾಸವಿದ್ದವರಲ್ಲಿ ಸುಮಾರು ಅರವತ್ತು ಮಂದಿ ತೀರಿಕೊಂಡರು. ಹಲವರ ಹೃದಯಬಡಿತದ ಲಯವೇ ತಪ್ಪಿತ್ತು. ಇಂದು ಜೋತ ಚರ್ಮಕ್ಕೆ ಮದ್ದೆಂದು ಕಾಲಜನ್ ಪುಡಿ ಮಾರುವವರು ಈ ಚರಿತ್ರೆಯನ್ನು ಓದಬೇಕು. ಮಡಿಕೆಯಾಗಿ ತೂಗುವ ಚರ್ಮವನ್ನು ಪುಡಿ, ಕ್ರೀಮು, ಎಣ್ಣೆ ತಿಕ್ಕುವುದು, ಹೊಟ್ಟೆಗೆ ಬಿಗಿಯುವ ಪಟ್ಟಿ ಯಾವುದೂ ಮೇಲೆತ್ತುವುದಿಲ್ಲ.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮೆಲ್ಬರ್ನ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 204 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 12 ವಾರಗಳ ವೇಗದ ಕ್ರಮ, ಉಳಿದವರಿಗೆ 36 ವಾರಗಳ ನಿಧಾನ ಕ್ರಮ ಕೊಟ್ಟಿದ್ದರು. ಗುರಿ ಮುಟ್ಟಿದವರು ವೇಗದ ಗುಂಪಿನಲ್ಲೇ ಹೆಚ್ಚು: ಶೇ 81, ನಿಧಾನದ ಗುಂಪಿನಲ್ಲಿ ಶೇ 50. ಸುಮಾರು ಮೂರು ವರ್ಷದ ನಂತರ ಎರಡೂ ಗುಂಪಿನವರು ಇಳಿಸಿದ್ದರಲ್ಲಿ ಶೇ 71ರಷ್ಟನ್ನು ಮರಳಿ ಪಡೆದಿದ್ದರು. ಅಂದರೆ ನಿಧಾನಿಸಿದ ಮಾತ್ರಕ್ಕೆ ತೂಕ ಮರಳದು ಎಂಬ ನಂಬಿಕೆಗೂ ಬುಡವಿಲ್ಲ. ಬೊಜ್ಜು ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರ ತೂಕವೂ ಮೊದಲ ತಿಂಗಳುಗಳಲ್ಲಿ ವೇಗವಾಗಿಯೇ ಇಳಿಯುತ್ತದೆ. ಆದರೆ ಅವರಿಗೆ ರಕ್ತಪರೀಕ್ಷೆ, ವಿಟಮಿನ್, ಪ್ರೋಟೀನ್ ಲೆಕ್ಕ, ಅಗತ್ಯವಿದ್ದರೆ ಪಿತ್ತಗಲ್ಲು ತಡೆಯುವ ಮಾತ್ರೆ ಎಲ್ಲವೂ ಇರುತ್ತವೆ. ನನ್ನ ತೀರ್ಮಾನ ಇದು: ಅಪರಾಧ ವೇಗದ್ದಲ್ಲ, ಕಾವಲಿಲ್ಲದ ವೇಗದ್ದು. ಗಲ್ಲಿಯ ಜಾಹೀರಾತು ಆಸ್ಪತ್ರೆಯ ವೇಗವನ್ನು ಮಾರುತ್ತದೆ, ಆಸ್ಪತ್ರೆಯ ಕಾವಲನ್ನು ಕೊಡುವುದಿಲ್ಲ.

ಕಾವಲಿಲ್ಲದ ವೇಗದಲ್ಲಿ ಮೊದಲು ಸೋಲುವುದು ಸ್ನಾಯು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಊಟ ಅರೆಹೊಟ್ಟೆಯಾದಷ್ಟೂ, ಭಾರ ಎತ್ತುವ ವ್ಯಾಯಾಮ ಇಲ್ಲವಾದಷ್ಟೂ ಅದು ಹೆಚ್ಚು ಕರಗುತ್ತದೆ. ಸ್ನಾಯು ಬರಿದಾದ ತೋಳು, ತೊಡೆಗಳ ಮೇಲೆ ಚರ್ಮ ಇನ್ನಷ್ಟು ಸಡಿಲವಾಗಿ ಕಾಣುತ್ತದೆ. ಚರ್ಮದ ವಿಷಯದಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ ಇದೇ: ಸ್ನಾಯು ಉಳಿಸಿಕೊಳ್ಳುವುದು. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಗುರಿ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನ್, ವಾರದಲ್ಲಿ ಎರಡು ಮೂರು ದಿನ ಭಾರದ ವ್ಯಾಯಾಮ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು ಹದಿನೆಂಟು ಗ್ರಾಂ. ಓಖ್ಲಾ ಮಂಡಿಯ ತರಕಾರಿ, ಬೇಳೆ, ಮೊಸರು, ಮೊಟ್ಟೆಗಳಿಂದಲೇ ಇದನ್ನು ತುಂಬಿಸಬಹುದು. ಡಬ್ಬಿಯ ಪುಡಿ ಬೇಕೇಬೇಕೆಂದಿಲ್ಲ.

ಈಗ ಹಸಿವು ತಗ್ಗಿಸಿ ತೂಕ ಇಳಿಸುವ ಚುಚ್ಚುಮದ್ದಿನ ಪೆನ್ನುಗಳ ಕಾಲ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ಇವು ನಿಜವಾಗಿ ಕೆಲಸ ಮಾಡುವ ಔಷಧಗಳು. ಬೊಜ್ಜು ಒಂದು ಕಾಯಿಲೆಯೆಂದು ಒಪ್ಪಿಸಿದ ಶ್ರೇಯವೂ ಇವಕ್ಕಿದೆ. ವೆಗೋವಿಯ ಡೋಸನ್ನು 0.25 ಮಿಲಿಗ್ರಾಂನಿಂದ ಶುರುಮಾಡಿ ತಿಂಗಳಿಗೊಮ್ಮೆ ಏರಿಸುತ್ತಾ ಪೂರ್ಣ ಪ್ರಮಾಣಕ್ಕೆ ತರಲು ಸುಮಾರು ನಾಲ್ಕು ತಿಂಗಳು ಬೇಕು. ಔಷಧದ ಕ್ರಮದಲ್ಲೇ ತಾಳ್ಮೆ ಅಡಕವಾಗಿದೆ. ವೈದ್ಯರ ಚೀಟಿಯಿಲ್ಲದೆ ಪೆನ್ನು ಕೊಂಡು, ಬೇಗ ಇಳಿಯಲೆಂದು ಡೋಸು ಹಾರಿಸಿ ಏರಿಸುವವರು ಆ ತಾಳ್ಮೆಯನ್ನೇ ಕಿತ್ತೆಸೆಯುತ್ತಾರೆ. ಹಸಿವು ಸತ್ತಾಗ ಪ್ರೋಟೀನೂ ಒಳಗೆ ಹೋಗುವುದಿಲ್ಲ ಎಂಬುದನ್ನು ಅವರಿಗೆ ಹೇಳುವವರು ಬೇಕು.

ಯಂತ್ರಗಳ ಕಥೆ ಬೇರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ವಿಎಲ್‌ಸಿಸಿ ಕಂಪನಿಗೆ ಮೂರು ಲಕ್ಷ ರೂಪಾಯಿ ದಂಡ ಹಾಕಿತು. ಒಂದೇ ಸಲಕ್ಕೆ 600 ಗ್ರಾಂ, ಏಳು ಸೆಂಟಿಮೀಟರ್ ಕಡಿಮೆ ಮಾಡುತ್ತೇವೆಂಬ ಜಾಹೀರಾತು ದಾರಿತಪ್ಪಿಸುವಂಥದ್ದು ಎಂಬುದು ಪ್ರಾಧಿಕಾರದ ನಿರ್ಣಯ. ಆ ಜಾಹೀರಾತಿನಲ್ಲಿದ್ದ, ಕೊಬ್ಬನ್ನು ತಂಪಿನಿಂದ ಕರಗಿಸುವ ಯಂತ್ರಕ್ಕೆ ಅಮೆರಿಕದ ಅನುಮತಿ ಇರುವುದು ದೇಹದ ಕೆಲವೆಡೆಯ ಉಬ್ಬುಗಳಿಗೆ, ಅದೂ ಹೆಚ್ಚಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 30ರೊಳಗಿನವರಿಗೆ. ಅದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಈ ಆದೇಶ ಸ್ವಾಗತಾರ್ಹ. ಆದರೆ ದಂಡದ ಮೊತ್ತ ಉದ್ಯಮದ ಗಾತ್ರಕ್ಕೆ ತೀರಾ ಸಣ್ಣದು.

ತೂಕ ಇಳಿದ ಮೇಲಿನ ಬದುಕಿಗೆ ಬರೋಣ. ದೆಹಲಿಯ ಜುಲೈ, ಆಗಸ್ಟ್ ತಿಂಗಳ ಜಿಗುಟು ಸೆಕೆಯಲ್ಲಿ ಓಖ್ಲಾದ ಕಾರ್ಖಾನೆಯಲ್ಲಿ ಎಂಟು ತಾಸು ನಿಲ್ಲುವವರಿಗೆ ಕಿಬ್ಬೊಟ್ಟೆಯ ಮಡಿಕೆ ಬರೀ ನೋಟದ ಚಿಂತೆಯಲ್ಲ. ಮಡಿಕೆಯೊಳಗೆ ಬೆವರು ನಿಂತು, ಚರ್ಮ ಉಜ್ಜಿ, ಕೆಂಪಾಗಿ, ಬಿರಿದು, ಬೂಷ್ಟಿನ ಸೋಂಕು ಹತ್ತುತ್ತದೆ. ಕೆಮಿಸ್ಟ್ ಅಂಗಡಿಯಲ್ಲಿ ಕೇಳಿದರೆ ಸ್ಟಿರಾಯ್ಡ್ ಬೆರೆತ ಕ್ರೀಮು ಸಿಗುತ್ತದೆ. ಎರಡು ದಿನ ತುರಿಕೆ ನಿಂತು ಆಮೇಲೆ ಇಮ್ಮಡಿಯಾಗುತ್ತದೆ. ಇಂಥ ಕ್ರೀಮುಗಳ ದುರ್ಬಳಕೆಯಿಂದ ಮೊಂಡುಬಿದ್ದ ಹುಳುಕಡ್ಡಿ ದೇಶದ ಚರ್ಮವೈದ್ಯರ ದೊಡ್ಡ ತಲೆನೋವಾಗಿದೆ. ಮಡಿಕೆಯನ್ನು ದಿನವೂ ತೊಳೆದು ಪೂರ್ತಿ ಒಣಗಿಸುವುದು, ನಡುವೆ ತೆಳು ಹತ್ತಿ ಬಟ್ಟೆ ಇಡುವುದು, ಸೋಂಕಾದರೆ ಚರ್ಮವೈದ್ಯರನ್ನು ಕಾಣುವುದು ಇವಿಷ್ಟನ್ನು ತೂಕ ಇಳಿಸುವ ಕೇಂದ್ರಗಳು ಮೊದಲ ದಿನವೇ ಹೇಳಿಕೊಡಬೇಕು.

ಮಾತಿನ ಗಾಯ ಬೇರೆ. ಸಣ್ಣಗಾಗಿ ಊರಿಗೆ ಹೋದವರನ್ನು ನಮ್ಮವರು ಕೇಳುವುದು, ‘ಯಾಕೆ, ಶುಗರ್ ಬಂತಾ? ಮುಖವೆಲ್ಲ ಬತ್ತಿಹೋಗಿದೆಯಲ್ಲ, ದಪ್ಪಗಿದ್ದಾಗಲೇ ಚೆನ್ನಾಗಿದ್ದೆ.’ ಪ್ರೀತಿಯಿಂದ ಬಂದ ಮಾತಾದರೂ ಅದು ವರ್ಷದ ದುಡಿಮೆಯನ್ನು ಒಂದು ಗಳಿಗೆಯಲ್ಲಿ ಅಳಿಸುತ್ತದೆ. ದಯವಿಟ್ಟು ಆ ಮಾತು ಬಿಡೋಣ.

ಉಳಿದ ಚರ್ಮಕ್ಕೆ ನಿಜವಾದ ಪರಿಹಾರ ಶಸ್ತ್ರಚಿಕಿತ್ಸೆ. ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು, ಬೇರಿಯಾಟ್ರಿಕ್ ಆದವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕು, ಧೂಮಪಾನ ಬಿಟ್ಟಿರಬೇಕು, ರಕ್ತಹೀನತೆ, ಪ್ರೋಟೀನ್ ಕೊರತೆ ಸರಿಯಾಗಿರಬೇಕು. ಉದ್ದನೆಯ ಗಾಯದ ಗುರುತು ಜೀವನಪೂರ್ತಿ ಉಳಿಯುತ್ತದೆ. ಗಾಯದೊಳಗೆ ನೀರು ತುಂಬುವುದು, ಹೊಲಿಗೆ ಬಿಡುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳಿವೆ. ಮೈಯ ಆಕಾರ ತಿದ್ದುವ ಯಾವ ಶಸ್ತ್ರಚಿಕಿತ್ಸೆಯೂ ಹಗುರವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ 21ನೇ ವಯಸ್ಸಿನಲ್ಲೇ ತೀರಿಕೊಂಡರು. ತೀವ್ರನಿಗಾ ಘಟಕ ಇದೆಯೇ, ಅರಿವಳಿಕೆ ತಜ್ಞರು ಯಾರು, ಶಸ್ತ್ರವೈದ್ಯರ ಅರ್ಹತೆ ಏನು ಎಂದು ಕೇಳಲು ಯಾರೂ ಸಂಕೋಚಪಡಬಾರದು.

ಹಣದ ವಿಷಯದಲ್ಲಿ ವ್ಯವಸ್ಥೆಯದೇ ಅರ್ಧಮನಸ್ಸು. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮಗಳು ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರುವವರ, ಅಥವಾ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಗಂಭೀರ ಕಾಯಿಲೆಯೂ ಇರುವವರ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಷರತ್ತುಗಳೊಡನೆ ದಾರಿ ಮಾಡಿಕೊಟ್ಟವು. ಆಮೇಲಿನ ಚರ್ಮ ತೆಗೆಸುವುದು ಮಾತ್ರ ಸಾಮಾನ್ಯವಾಗಿ ‘ಸೌಂದರ್ಯ ಚಿಕಿತ್ಸೆ’ ಎಂದು ಹೊರಗುಳಿಯುತ್ತದೆ. ಆರೋಗ್ಯಕ್ಕೆ ನೇರ, ತತ್‌ಕ್ಷಣದ ಅಪಾಯ ಇದೆಯೆಂದು ವೈದ್ಯರು ಪ್ರಮಾಣೀಕರಿಸಿದರೆ ವಿನಾಯಿತಿ ಕೇಳಬಹುದು. ಆದ್ದರಿಂದ ಮರುಕಳಿಸುವ ಸೋಂಕು, ಹುಣ್ಣುಗಳನ್ನು ಪ್ರತಿ ಸಲವೂ ವೈದ್ಯರಿಂದ ಬರೆಸಿಡಿ. ಬೊಜ್ಜನ್ನು ಕಾಯಿಲೆಯೆಂದು ಒಪ್ಪಿದ ಮೇಲೆ ಅದು ಬಿಟ್ಟುಹೋದ ಚರ್ಮವನ್ನು ಶೋಕಿಯೆಂದು ತಳ್ಳುವುದು ನ್ಯಾಯವಲ್ಲ. ಈ ನಿಯಮ ಬದಲಾಗಬೇಕು.

ಒಟ್ಟಿನಲ್ಲಿ ನನ್ನ ತೀರ್ಪು: ಮೊದಲ ದಿನ ಚರ್ಮದ ಬಗ್ಗೆ ಮಾತಾಡದ, ನಡುವೆ ಸ್ನಾಯು ಮತ್ತು ರಕ್ತವನ್ನು ಪರೀಕ್ಷಿಸದ, ತೂಕ ಇಳಿದ ಮೇಲೆ ಎರಡು ವರ್ಷವಾದರೂ ಜೊತೆಗಿರದ ಯಾವ ಕಾರ್ಯಕ್ರಮವೂ, ಅದರ ಬೋರ್ಡು ಓಖ್ಲಾದಲ್ಲಿರಲಿ ಬೆಂಗಳೂರಿನಲ್ಲಿರಲಿ, ನಂಬಿಕೆಗೆ ಅರ್ಹವಲ್ಲ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಇಳಿಸುತ್ತೀರಿ, ನನ್ನ ಸ್ನಾಯುವನ್ನು ಹೇಗೆ ಉಳಿಸುತ್ತೀರಿ, ಉಳಿಯುವ ಚರ್ಮಕ್ಕೆ ಏನು ಮಾಡುತ್ತೀರಿ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬನ್ನಿ.