ಕೋಟ್ನೀಸ್ ದಂಪತಿಗಳ ಚರಿತ್ರೆಯಲ್ಲಿ ಮನೆಯ ಮಾತು

ಪರದೇಶದಲ್ಲಿ ಪಾಠ ಹೇಳುತ್ತ ಸಂಸಾರ ನಡೆಸಿದ ದಂಪತಿಗಳ ಚರಿತ್ರೆಯನ್ನು ಬರೆಯುವುದು ದಂಡಯಾತ್ರೆಯ ಚರಿತ್ರೆಯನ್ನು ಬರೆಯುವುದಕ್ಕಿಂತ ಕಷ್ಟವಾದ ಕೆಲಸ. ದಂಡಯಾತ್ರೆಗೆ ಆದಿಮಧ್ಯಾಂತಗಳು ತಾವಾಗಿಯೇ ಒದಗುತ್ತವೆ. ಸಂಸಾರದಲ್ಲಿ ಇಂದಿನ ಗಂಜಿ ನಿನ್ನೆಯ ಗಂಜಿಯಂತೆಯೇ, ನಾಳಿನ ಪಾಠ ಇಂದಿನ ಪಾಠದಂತೆಯೇ ಇರತಕ್ಕದ್ದು. ಬರೆಯುವವನಿಗೆ ಹಿಡಿ ಸಿಕ್ಕುವುದಿಲ್ಲ. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರ ಕಥೆಯನ್ನು ಹೇಳಹೊರಟವರಿಗೆ ಒದಗಿದ ಕಷ್ಟವೂ ಇದೇ. ಅವರು ಚೀನಾದೇಶಕ್ಕೆ ಹೋಗಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ ಅಲ್ಲಿಯೇ ದೇಹ ಬಿಟ್ಟರೆಂಬುದನ್ನು ಬಹುಮಂದಿ ಬಲ್ಲರು. ಅಲ್ಲಿ ಅವರು ಉಪಾಧ್ಯಾಯರೂ ಆಗಿದ್ದರೆಂಬುದನ್ನೂ, ಅವರ ಕೈಹಿಡಿದ ಗುವೋ ಚಿಂಗ್‌ಲಾನ್ ಎಂಬಾಕೆ ಶುಶ್ರೂಷಾವಿದ್ಯೆಯ ಉಪಾಧ್ಯಾಯಿನಿಯಾಗಿದ್ದರೆಂಬುದನ್ನೂ ಬಲ್ಲವರು ಕಡಮೆ. ಈ ಅಜ್ಞಾನಕ್ಕೆ ವಾಚಕರು ಹೊಣೆಯಲ್ಲ. ಕಥೆಯನ್ನು ಹೇಳಿದ ರೀತಿಯೇ ಹಾಗಿರುವುದು. ಖ್ವಾಜಾ ಅಹಮದ್ ಅಬ್ಬಾಸರು ೧೯೪೪ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ಅಂಡ್ ಒನ್ ಡಿಡ್ ನಾಟ್ ಕಮ್ ಬ್ಯಾಕ್’ ಎಂಬ ಪುಸ್ತಕ, ವಿ. ಶಾಂತಾರಾಮರು ೧೯೪೬ರಲ್ಲಿ ತೆಗೆದ ‘ಡಾ. ಕೋಟ್ನೀಸ್ ಕೀ ಅಮರ್ ಕಹಾನಿ’ ಎಂಬ ಚಲಚ್ಚಿತ್ರ, ಆ ಪತ್ನಿಯೇ ಮುಪ್ಪಿನಲ್ಲಿ ಹೇಳಿ ಬರೆಯಿಸಿದ ‘ಮೈ ಲೈಫ್ ವಿತ್ ಕೋಟ್ನೀಸ್’ ಎಂಬ ಸ್ಮೃತಿಗ್ರಂಥ, ಈ ಮೂರನ್ನು ಮುಂದಿಟ್ಟುಕೊಂಡು ವಿಚಾರಮಾಡಿದರೆ ಯಾವುದು ಉಳಿಯಿತು, ಯಾವುದು ಜಾರಿಹೋಯಿತು ಎಂಬುದು ಗೋಚರವಾಗುವುದು.

ಮೊದಲು ಕಥಾವಸ್ತು. ಕೋಟ್ನೀಸರು ಹುಟ್ಟಿದ್ದು ೧೯೧೦ರಲ್ಲಿ. ಸೊಲ್ಲಾಪುರವೆಂದರೆ ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ. ಇಂದು ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡದ ಮಾತು ಅಲ್ಲಿ ಇನ್ನೂ ಕೇಳಿಬರುವುದು. ಆ ಊರಿನ ನೆಂಟಿನಿಂದ ಕನ್ನಡಿಗರು ಅವರನ್ನು ನೆರೆಮನೆಯವರೆಂದು ಭಾವಿಸಿದರೆ ತಪ್ಪಿಲ್ಲ. ಜಪಾನೀಯರು ಚೀನಾದ ಮೇಲೆ ಬಿದ್ದಾಗ ಸೇನಾಪತಿ ಜೂ ದೆ ಅವರು ನೆಹರೂರವರಿಗೆ ಪತ್ರ ಬರೆದು ವೈದ್ಯರನ್ನು ಬೇಡಿದರು. ೧೯೩೮ರಲ್ಲಿ, ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕಾಲದಲ್ಲಿ, ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನೀಸ್ ಎಂಬ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು. ದಾರಿಯಲ್ಲಿ ತಂದೆಯ ಮರಣವಾರ್ತೆ ಬಂದರೂ ಕೋಟ್ನೀಸರು ಹಿಂದಿರುಗಲಿಲ್ಲ. ೧೯೩೯ರ ಫೆಬ್ರವರಿಯಲ್ಲಿ ಯೆನಾನ್ ಸೇರಿದರು. ಮರುವರ್ಷ ಉತ್ತರದ ಗುಡ್ಡಗಾಡಿನ ಯುದ್ಧಪ್ರದೇಶಕ್ಕೆ ಹೋದರು. ಅಲ್ಲಿ ೧೯೩೯ರ ನವೆಂಬರಿನಲ್ಲಿ ತೀರಿಕೊಂಡಿದ್ದ ಕೆನಡಾದೇಶದ ವೈದ್ಯ ನಾರ್ಮನ್ ಬೆಥೂನರ ಸಮಾಧಿಯ ಸಮಾರಂಭದಲ್ಲಿ ಗುವೋ ಚಿಂಗ್‌ಲಾನರ ಪರಿಚಯವಾಯಿತು. ೧೯೪೧ರ ಆರಂಭದಲ್ಲಿ ಬೆಥೂನರ ಹೆಸರಿನ ಆಸ್ಪತ್ರೆಗೆ ಕೋಟ್ನೀಸರು ಮುಖ್ಯಸ್ಥರಾದರು, ಆ ವರ್ಷದ ಕೊನೆಯಲ್ಲಿ ವಿವಾಹವಾಯಿತು, ೧೯೪೨ರ ಆಗಸ್ಟ್ ೨೩ರಂದು ಗಂಡುಮಗು ಹುಟ್ಟಿತು, ಡಿಸೆಂಬರ್ ೯ರಂದು ತಂದೆ ತೀರಿಕೊಂಡರು. ಸಂಸಾರ ನಡೆದದ್ದು ಒಂದು ವರ್ಷ.

ಆ ಒಂದು ವರ್ಷ ನಡೆದದ್ದು ಹೆಬೈ ಪ್ರಾಂತದ ತಾಂಗ್ ಸೀಮೆಯ ಗೆಗುಂಗ್ ಎಂಬ ಹಳ್ಳಿಯಲ್ಲಿ. ಆಸ್ಪತ್ರೆಗೆ ಸೇರಿದಂತೆ ವೈದ್ಯಪಾಠಶಾಲೆ. ಗಂಡನು ಶಸ್ತ್ರಚಿಕಿತ್ಸೆಯನ್ನೂ ಹೆಂಡತಿಯು ಶುಶ್ರೂಷೆಯನ್ನೂ ಕಲಿಸುವರು. ಆ ಸೀಮೆಯ ಜನರೂ ಸೈನ್ಯದವರೂ ಉಣ್ಣುತ್ತಿದ್ದುದು ಮುಖ್ಯವಾಗಿ ನವಣೆ. ಈ ಸಂಗತಿಯನ್ನು ಪಟ್ಟಣದ ವಾಚಕನು ಓದಿ ಮುಂದೆ ಸಾಗಿಬಿಡಬಹುದು. ಪರಶುರಾಂಪುರದ ಕಡೆಯ ವಾಚಕನು ಅಲ್ಲಿ ನಿಲ್ಲುವನು. ಮಳೆಯ ಮುಖವನ್ನೇ ನೋಡಿಕೊಂಡಿರುವ ಹೊಲ, ನವಣೆಯ ಅನ್ನ, ನವಣೆಯ ಗಂಜಿ, ಇವು ಅವನಿಗೆ ವಿವರಿಸಿ ಹೇಳಬೇಕಾದವಲ್ಲ. ಆ ದೇಶದಲ್ಲಿ ಚಳಿಗಾಲಕ್ಕೆಂದು ಮನೆಯೊಳಗೆ ಇಟ್ಟಿಗೆಯ ಜಗಲಿ ಕಟ್ಟಿ, ಒಲೆಯ ಹೊಗೆಯನ್ನು ಅದರ ಅಡಿಯಲ್ಲಿ ಹಾಯಿಸಿ, ಆ ಬಿಸುಪಿನ ಮೇಲೆ ಮನೆಮಂದಿಯೆಲ್ಲ ಮಲಗುವರು. ಹಗಲು ಅದೇ ಜಗಲಿಯ ಮೇಲೆ ಕುಳಿತು ಓದುವುದು, ಬರೆಯುವುದು, ಉಣ್ಣುವುದು. ಜಪಾನೀ ಸೈನ್ಯವು ಹಳ್ಳಿಗಳನ್ನು ಗುಡಿಸಿಕೊಂಡು ಬಂದಾಗ ಆಸ್ಪತ್ರೆ, ಪಾಠಶಾಲೆ, ರೋಗಿಗಳು, ಶಿಷ್ಯರು ಎಲ್ಲರೂ ಗುಡ್ಡ ಹತ್ತಬೇಕು. ದಂಡು ಹಿಂದೆ ಸರಿದಮೇಲೆ ಬಿಟ್ಟ ಪಾಠವನ್ನು ಬಿಟ್ಟಲ್ಲಿಂದಲೇ ಹಿಡಿಯಬೇಕು.

ಇದಕ್ಕಿಂತ ದೊಡ್ಡ ಸಾಹಸ ಭಾಷೆಯದು. ಚೀನೀಭಾಷೆಯಲ್ಲಿ ಒಂದೇ ಅಕ್ಷರವು ನಾಲ್ಕು ಸ್ವರಗಳಲ್ಲಿ ನಾಲ್ಕು ಅರ್ಥಗಳನ್ನು ಕೊಡುವುದುಂಟು. ವೇದಾಧ್ಯಯನ ಮಾಡಿದವರಿಗೆ ‘ಇಂದ್ರಶತ್ರು’ ಶಬ್ದದ ಕಥೆ ನೆನಪಿಗೆ ಬರಬಹುದು: ಸ್ವರ ತಪ್ಪಿದ್ದರಿಂದ ಕೊಲ್ಲಬೇಕಾದವನೇ ಕೊಲೆಗೀಡಾದನು. ಶಸ್ತ್ರವೈದ್ಯದ ತರಗತಿಯಲ್ಲಿ ಸ್ವರ ತಪ್ಪಿದರೆ ಅಪಾಯ ರೋಗಿಗೆ. ಸುಶ್ರುತನು ಶಿಷ್ಯರಿಗೆ ಮೊದಲು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಿಸಬೇಕೆಂದು ವಿಧಿಸಿರುವನು. ಅಂತಹ ಕೈಗಲಿಕೆಯಲ್ಲಿ ‘ಇಷ್ಟು ಆಳ, ಇಲ್ಲಿ ನಿಲ್ಲಿಸು’ ಎಂಬ ಸಣ್ಣ ಮಾತುಗಳೇ ಪ್ರಾಣ. ಕೋಟ್ನೀಸರು ಆ ಮಾತುಗಳನ್ನು ಕಲಿತು ಚೀನೀಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಸಾಮಾನ್ಯ ವಿಚಾರವಾಗಿ ಒಂದು ಪಠ್ಯವನ್ನು ಬರೆದು ಮುಗಿಸಿದರು, ವಿಶೇಷ ಭಾಗದ ಎರಡನೆಯದು ಅವರ ಮರಣದಿಂದ ಅರ್ಧಕ್ಕೆ ನಿಂತಿತು. ಪರಶುರಾಂಪುರವು ಆಂಧ್ರದ ಗಡಿಯಲ್ಲಿದೆ. ಮನೆಯಲ್ಲಿ ತೆಲುಗಾಡುವ ಮಕ್ಕಳು ಕನ್ನಡ ಶಾಲೆಯ ಮಣೆಯ ಮೇಲೆ ಕೂರುವುದು ಇಲ್ಲಿ ಹೊಸದಲ್ಲ. ದೂರದಿಂದ ವರ್ಗವಾಗಿ ಬಂದ ಉಪಾಧ್ಯಾಯರಲ್ಲಿ ಮಕ್ಕಳ ಮನೆಮಾತನ್ನು ಕಲಿತವರು ಕೆಲವರು, ಕಲಿಯದೆಯೇ ನಿವೃತ್ತರಾದವರು ಕೆಲವರು. ಎರಡರ ಅಂತರ ಎಷ್ಟೆಂಬುದನ್ನು ಕಂಡವರಿಗೆ ಗೆಗುಂಗಿನ ಆ ಪಠ್ಯಪುಸ್ತಕವು ಯಾವ ಯುದ್ಧವಾರ್ತೆಗಿಂತಲೂ ಹೆಚ್ಚು ರೋಮಾಂಚಕವಾಗಿ ತೋರುವುದು.

ಇನ್ನು ಅಬ್ಬಾಸರ ಪುಸ್ತಕ. ಅದು ಆತುರದ ಕಾಲದ ಪುಸ್ತಕ. ಚೀನಾದಿಂದ ಹಿಂದಿರುಗಿದ ಡಾಕ್ಟರ್ ಬಸು ಅವರಿಂದ ತಿಳಿದ ಸಂಗತಿಗಳನ್ನು ಆಧಾರವಾಗಿಟ್ಟುಕೊಂಡು, ದೇಶವು ಇನ್ನೂ ಪರಾಧೀನವಾಗಿದ್ದಾಗ, ಯುದ್ಧ ಮುಗಿಯುವ ಮೊದಲೇ ಬರೆದದ್ದು. ಪತ್ರಿಕಾವ್ಯವಸಾಯಿಯ ವೇಗವೂ ಬಿಸಿಯೂ ಅದಕ್ಕೆ ಸಹಜ, ಅದನ್ನು ದೋಷವೆಂದೆಣಿಸಲಾಗದು. ಅದಿಲ್ಲದಿದ್ದರೆ ಕೋಟ್ನೀಸರ ಹೆಸರು ಇಷ್ಟು ಬೇಗ ಮನೆಮನೆಗೆ ಮುಟ್ಟುತ್ತಲೇ ಇರಲಿಲ್ಲ. ಆದರೆ ಅದರ ಸಾಕ್ಷಿ ಗೆಳೆಯನ ಸಾಕ್ಷಿ. ಐವರು ಕೂಡಿ ಹೋದ ಪ್ರಯಾಣಕ್ಕೆ ಆ ಸಾಕ್ಷಿ ಗಟ್ಟಿ. ಗೆಗುಂಗಿನ ಮನೆಯೊಳಗಿನ ಸಂಗತಿಗೆ ಅಷ್ಟು ಗಟ್ಟಿಯಾಗಿರಲಾರದು, ಅದು ದೂರದಿಂದ ತಿಳಿದದ್ದು. ಪುಸ್ತಕದ ಹೆಸರನ್ನೇ ನೋಡಬಹುದು. ‘ಒಬ್ಬನು ಹಿಂದಿರುಗಲಿಲ್ಲ’ ಎಂದರೆ ಎಲ್ಲಿಗೆ ಹಿಂದಿರುಗಲಿಲ್ಲ? ಮುಂಬಯಿಯ ಬಂದರಿನಲ್ಲಿ ನಿಂತು ಎಣಿಸುವವರ ಲೆಕ್ಕ ಅದು. ಗೆಗುಂಗಿನ ಜಗಲಿಯ ಮೇಲೆ ಕುಳಿತು ಕಾಯುತ್ತಿದ್ದವಳಿಗೆ ಆ ಮನುಷ್ಯನು ಪ್ರತಿದಿನ ಸಂಜೆ ಪಾಠ ಮುಗಿಸಿ ಮನೆಗೆ ಹಿಂದಿರುಗುತ್ತಲೇ ಇದ್ದನು.

ಚಲಚ್ಚಿತ್ರದ ವಿಚಾರ ಬೇರೆ. ಅದರ ಕಥೆಯನ್ನು ಹೆಣೆದವರಲ್ಲಿ ಅಬ್ಬಾಸರೂ ಒಬ್ಬರು. ಶಾಂತಾರಾಮರು ತಾವೇ ಕೋಟ್ನೀಸರಾಗಿಯೂ, ಅವರ ಪತ್ನಿ ಜಯಶ್ರೀಯವರು ಚಿಂಗ್ ಲಾನ್ ಆಗಿಯೂ ಅಭಿನಯಿಸಿರುವರು. ಶಾಂತಾರಾಮರ ಕುಶಲತೆಯನ್ನು ಅಲ್ಲಗಳೆಯುವ ಪ್ರಮೇಯವೇ ಇಲ್ಲ. ಪರದೇಶದ ಹೆಣ್ಣನ್ನು ಈ ದೇಶದ ಸೊಸೆಯೆಂದು ೧೯೪೬ರ ಪ್ರೇಕ್ಷಕರ ಮುಂದೆ ನಿಲ್ಲಿಸಿ, ಅವಳಿಗಾಗಿ ಅವರ ಕಣ್ಣಿನಲ್ಲಿ ನೀರು ತರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಚಿತ್ರದಲ್ಲಿ ನಾಯಕನು ಜಪಾನೀಯರ ಸೆರೆಗೆ ಸಿಕ್ಕುವನು. ಭಯಂಕರವಾದ ಒಂದು ಸಾಂಕ್ರಾಮಿಕ ಜಾಡ್ಯಕ್ಕೆ ಮದ್ದನ್ನು ಕಂಡುಹಿಡಿಯುವನು. ಅದೇ ಜಾಡ್ಯ ತನಗೆ ತಗುಲಿ ಸಾಯುವನು. ವಾಸ್ತವವಾಗಿ ಕೋಟ್ನೀಸರು ತೀರಿಕೊಂಡದ್ದು ಅಪಸ್ಮಾರದಿಂದ.

ಇಲ್ಲಿ ಆಲಂಕಾರಿಕರ ಒಂದು ವಿಂಗಡಣೆ ಉಪಯೋಗಕ್ಕೆ ಬರುವುದು. ವೀರರಸವನ್ನು ಅವರು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕು ಬಗೆಯಾಗಿ ಮಾಡಿದರು. ದಯಾವೀರನಿಗೆ ಶ್ರೀಹರ್ಷನ ನಾಗಾನಂದದ ಜೀಮೂತವಾಹನನೇ ಉದಾಹರಣೆ. ಅವನಿಗೆ ಶತ್ರುವಿಲ್ಲ, ಸೆರೆಮನೆಯಿಲ್ಲ. ಹೊಸದಾಗಿ ಮದುವೆಯಾದ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಪರರಿಗಾಗಿ ಬಂಡೆಯ ಮೇಲೆ ಮಲಗುವನು, ಅಷ್ಟೆ. ಕೋಟ್ನೀಸರು ಆ ಜಾತಿಯ ನಾಯಕರು. ಚಿತ್ರವು ದಯಾವೀರನಿಗೆ ಯುದ್ಧವೀರನ ಒಡವೆಗಳನ್ನು ತೊಡಿಸಿತು. ಒಡವೆಗಳು ಹೊಳೆದವು, ಮುಖ ಮರೆಯಾಯಿತು. ಅಪಸ್ಮಾರದ ಬಾಧೆಯಿದ್ದರೂ ಶಸ್ತ್ರ ಹಿಡಿಯುವ, ಪಾಠ ಹೇಳುವ ಗಂಡ; ಮೂರೂವರೆ ತಿಂಗಳ ಕೂಸು; ಶುಶ್ರೂಷೆಯನ್ನೇ ಕಲಿಸುವವಳಾದರೂ ಗಂಡನ ಈ ರೋಗಕ್ಕೆ ಮದ್ದು ಕಾಣದ ಹೆಂಡತಿ. ಕರುಣಕ್ಕೆ ಇಷ್ಟು ಸಾಲದೆ ಹೋಯಿತೇ? ಕ್ಷೇಮೇಂದ್ರನು ಔಚಿತ್ಯವೆಂದು ಯಾವುದನ್ನು ಕರೆದನೋ ಅದು ಇಲ್ಲಿ ಭಂಗವಾಗಿದೆ. ಜೊತೆಗೆ, ಹಿಂದಿಯ ಚಿತ್ರದಲ್ಲಿ ಕಥೆ ಹಿಂದಿಯಲ್ಲಿಯೇ ಸಾಗಬೇಕಾದುದರಿಂದ, ನಾಯಕನ ಜೀವಮಾನದ ದೊಡ್ಡ ಪರಿಶ್ರಮವಾದ ಭಾಷಾಭ್ಯಾಸವು ಕಣ್ಣಿಗೆ ಬೀಳದೆ ಹೋಯಿತು. ಪಾಠಶಾಲೆಯೂ ಹಾಗೆಯೇ ಹಿಂದೆ ಬಿತ್ತು.

ಚಿತ್ರದ ಕೊನೆಯಲ್ಲಿ ವಿಧವೆಯು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಬರುವಳು. ಸೊಸೆಯನ್ನು ಮನೆತುಂಬಿಸಿಕೊಳ್ಳದೆ ಕಥೆಯನ್ನು ಮುಗಿಸಲು ಈ ದೇಶದ ಪ್ರೇಕ್ಷಕರಿಗೆ ಮನಸ್ಸು ಬಾರದು. ಶಾಂತಾರಾಮರು ಅದನ್ನು ಬಲ್ಲರು. ನಿಜವಾದ ಗುವೋ ಚಿಂಗ್‌ಲಾನರು ತಮ್ಮ ದೇಶದಲ್ಲಿಯೇ ನಿಂತರು, ಮತ್ತೆ ವಿವಾಹವಾದರು, ಅನಂತರದ ವರ್ಷಗಳಲ್ಲಿ ಹಲವು ಬಾರಿ ಭಾರತಕ್ಕೆ ಬಂದು ಕೋಟ್ನೀಸರ ಒಡಹುಟ್ಟಿದವರನ್ನು ಕಂಡು ಹೋದರು. ಬರಹೋಗುವ ನೆಂಟಸ್ತನ ಅದು. ಕಥೆಗೆ ಬೇಕಾದದ್ದು ಶಾಶ್ವತವಾಗಿ ಬಂದು ನೆಲಸುವ ಸೊಸೆ. ಜೀವನವು ಕೊಟ್ಟದ್ದು ತನ್ನ ಕೆಲಸ, ತನ್ನ ಊರು, ತನ್ನ ನೆನಪು ಉಳ್ಳ ಒಬ್ಬ ಹೆಂಗಸು. ಅವಳನ್ನು ಎಲ್ಲಿ ಇಡಬೇಕೆಂದು ಚಿತ್ರಕ್ಕೆ ತಿಳಿಯಲಿಲ್ಲ.

ಆ ಹೆಂಗಸೇ ಮಾತನಾಡಿದ ಗ್ರಂಥ ಮೂರನೆಯದು. ಶೂ ಬಾವ್‌ಜುನ್ ಎಂಬವರಿಗೆ ಹೇಳಿ ಬರೆಯಿಸಿದ ಇದರ ಇಂಗ್ಲಿಷ್ ರೂಪವು ೨೦೦೬ರಲ್ಲಿ ದೆಹಲಿಯಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಗಂಡ ಸತ್ತು ಆರು ದಶಕಗಳು ಸಂದಿದ್ದವು. ಆತನು ಎರಡು ರಾಷ್ಟ್ರಗಳ ಮೈತ್ರಿಗೆ ಪ್ರತಿಮೆಯಾಗಿ ನಿಂತಿದ್ದನು. ಪ್ರತಿಮೆಯಾಗಿಬಿಟ್ಟವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿ ತೋರಿಸುವುದು ಹೆಂಡತಿಗೂ ಸುಲಭವಲ್ಲ, ಅದರಲ್ಲಿಯೂ ಬರೆಯುವ ಕೈ ಇನ್ನೊಬ್ಬರದಾದಾಗ. ಆದಕಾರಣ ಈ ಗ್ರಂಥವನ್ನು ಕಾವ್ಯದ ತೂಕದಿಂದ ತೂಗಬಾರದು. ಆದರೂ ಮೂರರಲ್ಲಿ ಮುಂದಿನ ಕಾಲಕ್ಕೆ ಹೆಚ್ಚು ಬೇಕಾಗತಕ್ಕದ್ದು ಇದೇ. ಇದರ ಹೆಸರಿನಲ್ಲಿ ಮೊದಲು ಬರುವುದು ‘ನನ್ನ ಬಾಳು’. ಕೋಟ್ನೀಸರ ಹೆಸರು ‘ಜೊತೆಗೆ’ ಎಂಬ ಮಾತಿನಿಂದ ಬರುವುದು. ಸಹಧರ್ಮಿಣಿ ಎಂಬ ಶಬ್ದದಲ್ಲಿರುವ ‘ಸಹ’ ಎಂಬುದನ್ನು ಪಂಡಿತರು ಎಷ್ಟೋ ಬಗೆಯಾಗಿ ವ್ಯಾಖ್ಯಾನಿಸಿರುವರು. ಇಲ್ಲಿ ಹೆಂಡತಿಯೇ ಅದಕ್ಕೆ ಅರ್ಥ ಹೇಳಿದಂತಿದೆ.

ದೊಡ್ಡವರನ್ನು ದಿನಚರಿಯ ಮೂಲಕವೇ ದೊಡ್ಡವರೆಂದು ತೋರಿಸುವ ಬರವಣಿಗೆ ಈ ಸೀಮೆಗೆ ಹೊಸತೇನೂ ಅಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು, ಅವರೂ ಉಪಾಧ್ಯಾಯರೇ, ಮುಕುಂದೂರು ಸ್ವಾಮಿಗಳನ್ನು ಕುರಿತು ‘ಯೇಗ್ದಾಗೆಲ್ಲಾ ಐತೆ’ ಎಂದು ಬರೆದರು. ಅದರಲ್ಲಿ ಸ್ವಾಮಿಗಳು ಕುಳಿತಲ್ಲಿ ನಿಂತಲ್ಲಿ ಆಡುವ ಹಳ್ಳಿಯ ಮಾತೇ ಅವರ ಮಹಿಮೆ. ಕೋಟ್ನೀಸರಿಗೆ ಅಂತಹ ಕಿವಿಯುಳ್ಳ ಚರಿತ್ರಕಾರನು ಅವರ ಕಾಲದಲ್ಲಿ ದೊರೆತಿದ್ದರೆ ಆ ತರಗತಿಯ ಮಾತು, ಆ ಜಗಲಿಯ ಮಾತು ಎಷ್ಟೋ ಉಳಿಯುತ್ತಿತ್ತು.

ಮಗುವಿನ ಹೆಸರಿನ ವಿಷಯವೊಂದನ್ನು ಹೇಳಬೇಕು. ಸೇನಾಪತಿ ನ್ಯೆ ರೊಂಗ್‌ಜೆನ್ನರು ಸೂಚಿಸಿದಂತೆ ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ನಾಲ್ಕನೆಯ ಶತಮಾನದಲ್ಲಿ ಭಾರತದಿಂದ ಮಧ್ಯೇಷ್ಯದ ಕೂಚಾ ರಾಜ್ಯಕ್ಕೆ ಹೋದ ಕುಮಾರಾಯಣನು ಅಲ್ಲಿಯ ರಾಜಕುಮಾರಿ ಜೀವಾ ಎಂಬವಳನ್ನು ವರಿಸಿದನೆಂದೂ, ತಾಯಿತಂದೆಗಳ ಹೆಸರು ಕೂಡಿ ಮಗನು ಕುಮಾರಜೀವನಾದನೆಂದೂ ಪ್ರಸಿದ್ಧಿ. ಆ ಮಗನು ಚಾಂಗಾನ್ ನಗರದಲ್ಲಿ ಕುಳಿತು ಸದ್ಧರ್ಮಪುಂಡರೀಕವೇ ಮೊದಲಾದ ಸಂಸ್ಕೃತಗ್ರಂಥಗಳನ್ನು ಚೀನೀಭಾಷೆಗೆ ತಂದನು. ಯಿನ್‌ಹುವಾನಿಗೆ ಅಷ್ಟು ಆಯುಸ್ಸು ದೊರೆಯಲಿಲ್ಲ. ತಂದೆಯಂತೆ ವೈದ್ಯಶಾಸ್ತ್ರವನ್ನು ಓದುತ್ತಿದ್ದವನು ೧೯೬೭ರಲ್ಲಿ, ವಿದ್ಯಾಭ್ಯಾಸ ಮುಗಿಯುವ ಮೊದಲೇ, ತೀರಿಕೊಂಡನು. ತಾಯಿಯು ಅನಂತರ ನಾಲ್ವತ್ತೈದು ವರ್ಷ ಬದುಕಿ ೨೦೧೨ರಲ್ಲಿ ಕಾಲವಾದರು. ತಂದೆಯ ಎರಡನೆಯ ಪಠ್ಯವು ನಿಂತ ಪುಟದಲ್ಲಿಯೇ ನಿಂತಿದೆ.