ಚೋಮನಿಗೆ ಮತವಿತ್ತೆ?

ನಮ್ಮ ಭಾಷೆಯಲ್ಲಿ ‘ಮತ’ ಎಂಬ ಒಂದೇ ಮಾತಿಗೆ ಮೂರು ಅರ್ಥಗಳುಂಟು. ಮನಸ್ಸಿನಲ್ಲಿರುವ ಅಭಿಪ್ರಾಯ ಮತ. ನಂಬಿ ನಡೆಯುವ ಧರ್ಮ ಮತ. ಚುನಾವಣೆಯ ದಿನ ನಾವು ಕೊಟ್ಟು ಬರುವುದೂ ಮತ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಈ ಮೂರು ಅರ್ಥಗಳನ್ನೂ ಎದುರಿಗಿಟ್ಟುಕೊಂಡು ಓದಿದವರು ಕಡಮೆ. ಅದು ನೆಲದ ಹಂಬಲದ ಕಥೆ, ಅಸ್ಪೃಶ್ಯತೆಯ ದುರಂತ ಎಂದು ನಾವು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಆ ಮಾತು ಸುಳ್ಳಲ್ಲ. ಆದರೆ ಒಬ್ಬ ಮನುಷ್ಯನನ್ನು ಊರು ಯಾವಾಗ ‘ಒಬ್ಬ’ ಎಂದು ಎಣಿಸುತ್ತದೆ, ಅದಕ್ಕೆ ಅವನು ಏನನ್ನು ತೋರಿಸಬೇಕು ಎಂಬ ಪ್ರಶ್ನೆಯೂ ಆ ಸಣ್ಣ ಕಾದಂಬರಿಯ ಒಡಲಲ್ಲಿದೆ.

ಕಾದಂಬರಿ ಹೊರಬಂದ ಕಾಲವನ್ನು ಸ್ವಲ್ಪ ನೆನೆಯಬೇಕು. ಅದು ಪ್ರಕಟವಾದದ್ದು ೧೯೩೩ರಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ೧೯೧೯ರ ಕಾಯಿದೆಯ ಪ್ರಕಾರ ಶಾಸನಸಭೆಗೆ ಮತ ಹಾಕಬೇಕಾದವನು ಭೂಕಂದಾಯವನ್ನೋ ಪುರಸಭೆಯ ತೆರಿಗೆಯನ್ನೋ ವರಮಾನ ತೆರಿಗೆಯನ್ನೋ ತೆರುವವನಾಗಿರಬೇಕಿತ್ತು. ಬ್ರಿಟಿಷ್ ಇಂಡಿಯದ ಜನಸಂಖ್ಯೆಯಲ್ಲಿ ನೂರಕ್ಕೆ ಮೂವರಿಗೂ ಈ ಭಾಗ್ಯವಿರಲಿಲ್ಲ. ೧೯೩೨ರಲ್ಲಿ ಲೋಥಿಯನ್ ಸಮಿತಿ ಈ ಹಕ್ಕನ್ನು ಎಷ್ಟರ ಮಟ್ಟಿಗೆ ವಿಸ್ತರಿಸಬಹುದೆಂದು ವಿಚಾರಿಸಿ, ಪ್ರಾಯಕ್ಕೆ ಬಂದ ಎಲ್ಲರಿಗೂ ಮತವೆಂಬುದು ಸದ್ಯಕ್ಕೆ ಆಗುಹೋಗದ ಮಾತು ಎಂದು ವರದಿಯಿತ್ತಿತು. ಅದೇ ವರ್ಷದ ಪೂನಾ ಒಪ್ಪಂದದಿಂದ ಅಸ್ಪೃಶ್ಯರೆನಿಸಿಕೊಂಡವರಿಗೆ ಸ್ಥಾನಗಳೇನೋ ಮೀಸಲಾದುವು. ಆದರೆ ಆ ಸ್ಥಾನಕ್ಕೆ ಮತ ಹಾಕುವವನು ಒಂದಲ್ಲ ಒಂದು ಅರ್ಹತೆಯನ್ನು ತೋರಿಸಲೇಬೇಕಿತ್ತು.

ಕಾರಂತರು ಆ ವರದಿಯನ್ನು ಎದುರಿಗಿಟ್ಟುಕೊಂಡು ಕಾದಂಬರಿ ಬರೆದರೆಂದು ನಾವು ಹೇಳುತ್ತಿಲ್ಲ. ಚೋಮ ಕೇಳುವುದು ಮತವನ್ನಲ್ಲ; ಗೇಣಿಗೆ ಒಂದು ತುಂಡು ಗದ್ದೆಯನ್ನು. ಆದರೆ ಅವನ ಧಣಿಯ ಅಂಗಳದಲ್ಲಿ ನಡೆಯುತ್ತಿದ್ದ ನ್ಯಾಯವೂ ಮದ್ರಾಸಿನ ಶಾಸನಸಭೆಯ ನ್ಯಾಯವೂ ಒಂದೇ ಎಂಬುದನ್ನು ಗಮನಿಸಬೇಕು. ನೆಲವಿಲ್ಲದವನು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲದವನಿಗೆ ನೆಲವಿಲ್ಲ. ಸಂಕಪ್ಪಯ್ಯ ಕೆಟ್ಟ ಮನುಷ್ಯನೇನಲ್ಲ. ಕೊಟ್ಟರೆ ಕೊಡಬಹುದು ಎನ್ನುವಷ್ಟು ಮನಸ್ಸು ಅವನಿಗುಂಟು. ಅಡ್ಡ ಬರುವುದು ಅವನ ತಾಯಿ. ಆಕೆಯ ಬಾಯಲ್ಲಿ ಮಾತಾಡುವುದು ತಲೆತಲಾಂತರದ ಪದ್ಧತಿ. ಕಾರಂತರ ಕೌಶಲ ಇಲ್ಲಿದೆ. ದುಷ್ಟನೊಬ್ಬನನ್ನು ತಂದು ನಿಲ್ಲಿಸಿದ್ದರೆ ನಾವು ಅವನನ್ನು ಶಪಿಸಿ ಪುಸ್ತಕ ಮುಚ್ಚಬಹುದಿತ್ತು. ಒಳ್ಳೆಯವನೊಬ್ಬನು ಕೈಲಾಗದೆ ಸುಮ್ಮನಾಗುವುದನ್ನು ತೋರಿಸಿದ್ದರಿಂದ, ಧಣಿಯ ಕರುಣೆಯನ್ನು ನಂಬಿದವನ ಪಾಡೇನೆಂಬುದು ನಮಗೆ ತಿಳಿಯುತ್ತದೆ. ಕರುಣೆಯನ್ನು ಬೇಡಬಹುದು, ಕೇಳಿ ಪಡೆಯುವಂತಿಲ್ಲ. ಹಕ್ಕಿನ ಮಾತೇ ಬೇರೆ.

ಮತದ ಎರಡನೆಯ ಅರ್ಥವೂ ಕಥೆಯಲ್ಲಿ ಬರುತ್ತದೆ. ಕ್ರೈಸ್ತನಾದರೆ ಉಳಲು ನೆಲ ಸಿಕ್ಕೀತೆಂಬ ಆಸೆಯಿಂದ ಚೋಮ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ಭಯ ಅವನನ್ನು ಹಿಂದಕ್ಕೆಳೆಯುತ್ತದೆ. ಈ ಭಾಗವನ್ನು ಮತಾಂತರದ ಪರವಾಗಿಯೋ ವಿರೋಧವಾಗಿಯೋ ಓದಿ ಜಗಳವಾಡುವವರುಂಟು. ನಮಗೆ ಕಾಣುವುದು ಬೇರೆ. ಚೋಮನ ಬದುಕಿನಲ್ಲಿ ಅವನಿಗೇ ಬಿಟ್ಟ ತೀರ್ಮಾನ ಎಂಬುದಿದ್ದರೆ ಅದೊಂದೇ: ಮತವನ್ನು ಬಿಡುವುದೋ ಉಳಿಸಿಕೊಳ್ಳುವುದೋ. ಅವನ ಅಭಿಪ್ರಾಯವೇನೆಂದು ಬೇರಾರೂ ಬೇರಾವ ವಿಷಯದಲ್ಲೂ ಕೇಳುವುದಿಲ್ಲ. ಅಭಿಪ್ರಾಯವೆಂಬ ಮತ, ಅಧಿಕಾರವೆಂಬ ಮತ ಎರಡೂ ಇಲ್ಲದವನಿಗೆ ಉಳಿದದ್ದು ದೈವವೆಂಬ ಮತ ಒಂದೇ. ಅದನ್ನೂ ಮಾರಿದರೆ ತನ್ನದೆನ್ನುವುದು ಏನುಳಿಯಿತು? ಚೋಮ ಹಿಂದಿರುಗುವುದು ಹೇಡಿತನದಿಂದಲ್ಲ ಎಂಬುದು ಆಗ ಅರ್ಥವಾಗುತ್ತದೆ.

ಆಸ್ತಿಯ ಜೊತೆಗೆ ೧೯೩೫ರ ಕಾಯಿದೆ ಓದುಬರಹವನ್ನೂ ಅರ್ಹತೆಯೆಂದು ಎಣಿಸಿತು. ಹೆಂಗಸರಲ್ಲಿ ಕೆಲವರಿಗೆ ಗಂಡನ ಅರ್ಹತೆಯ ಬಲದಿಂದ ಮತ ಬಂತು. ಹೀಗೆ ಹಿಗ್ಗಿದರೂ ಮತದಾರರ ಸಂಖ್ಯೆ ಸುಮಾರು ಮೂರು ಕೋಟಿಯ ಮಟ್ಟದಲ್ಲೇ ನಿಂತಿತು. ಈ ಎರಡು ಹೊಸ ಅರ್ಹತೆಗಳನ್ನು ಒರೆಗೆ ಹಚ್ಚಬೇಕಾದರೆ ಕಾರಂತರದೇ ‘ಮರಳಿ ಮಣ್ಣಿಗೆ’ಯನ್ನು ತೆಗೆಯಬೇಕು. ಕೋಡಿಯ ಐತಾಳರ ಮೂರು ತಲೆಮಾರುಗಳ ಆ ಕಥೆಯಲ್ಲಿ ವಿದ್ಯೆ ಕಲಿತವನು ಲಚ್ಚ. ಆಸ್ತಿಗೆ ಹಕ್ಕುದಾರನೂ ಅವನೇ. ಕಾಯಿದೆಯ ಮುಂದೆ ನಿಲ್ಲಿಸಿದರೆ ಎರಡು ರೀತಿಯಿಂದಲೂ ಅರ್ಹ. ಮನೆತನವನ್ನು ಹಾಳುಗೆಡವಿದವನೂ ಅವನೇ. ಇತ್ತ ಬಾಲವಿಧವೆ ಸರಸೋತಿ; ಜೀವಮಾನವೆಲ್ಲ ದುಡಿದು ಆ ಮನೆಯನ್ನು ನಿಲ್ಲಿಸಿದವಳು. ಅವಳ ಹೆಸರಿಗೆ ನೆಲವಿಲ್ಲ, ಗಂಡನಿಲ್ಲ. ಅದೇ ಕಾಯಿದೆ ಅವಳ ಮುಂದೆ ಬಂದರೆ ಅವಳನ್ನು ಕಾಣದೆಯೇ ದಾಟಿಹೋಗುತ್ತಿತ್ತು. ಪಾರೋತಿ ಮತ ಹಾಕಬಹುದಾಗಿದ್ದರೆ ಅದು ರಾಮ ಐತಾಳರ ಹೆಂಡತಿಯೆಂಬ ಕಾರಣಕ್ಕೆ ಮಾತ್ರ. ಊರಿನ ಹಿತವನ್ನು ಬಲ್ಲವರು ಯಾರು ಎಂಬ ಪ್ರಶ್ನೆಗೆ ಕಾಯಿದೆ ಒಂದು ಉತ್ತರ ಕೊಡುತ್ತದೆ. ಕಾದಂಬರಿ ಅದಕ್ಕೆ ನೇರ ವಿರುದ್ಧವಾದ ಉತ್ತರ ಕೊಡುತ್ತದೆ. ಕಾದಂಬರಿಯ ಸಾಕ್ಷ್ಯವೇ ನಮಗೆ ಹೆಚ್ಚು ನಂಬುಗೆಯದೆಂದು ತೋರುತ್ತದೆ.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿಯೂ ಈ ವಿಚಿತ್ರವಿತ್ತು. ಕುಟುಂಬ ಬೆಳೆಯುವುದು ಹೆಣ್ಣಿನಿಂದ. ಪಟ್ಟೆಯ ಹೆಸರು ಬಹುಮಟ್ಟಿಗೆ ಯಜಮಾನನದು. ಮದ್ರಾಸು ಪ್ರಾಂತ ೧೯೨೧ರಲ್ಲಿಯೇ ಹೆಂಗಸರಿಗೆ ಮತ ಕೊಟ್ಟಿತೆಂದು ಹೆಮ್ಮೆಪಡುತ್ತೇವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತದ್ದೂ ಹೆಮ್ಮೆಯ ಸಂಗತಿಯೇ. ಆದರೆ ಅವರಿಗೆ ಮತ ಹಾಕಬಹುದಾಗಿದ್ದ ಹೆಂಗಸರು ಎಷ್ಟು ಮಂದಿ? ಆಸ್ತಿ ತಮ್ಮ ಹೆಸರಿನಲ್ಲಿದ್ದ ಬೆರಳೆಣಿಕೆಯವರು ಮಾತ್ರ.

ಈ ಗೋಡೆಯನ್ನು ಒಂದೇ ಏಟಿಗೆ ಕೆಡವಿದ್ದು ಸಂವಿಧಾನದ ೩೨೬ನೆಯ ವಿಧಿ. ನೆಲ, ತೆರಿಗೆ, ಅಕ್ಷರ, ಗಂಡ, ಯಾವುದನ್ನೂ ಅದು ಕೇಳಲಿಲ್ಲ. ಪ್ರಜೆಯೆ, ಪ್ರಾಯ ಬಂದಿದೆಯೆ ಎಂದಷ್ಟೇ ಕೇಳಿತು. (ಆ ಪ್ರಾಯ ಮೊದಲು ೨೧ ಇದ್ದದ್ದು ೧೯೮೯ರಲ್ಲಿ ೧೮ ಆಯಿತು.) ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ನಮ್ಮ ಜಿಲ್ಲೆಯವರೇ ಆದ ಬೆನೆಗಲ್ ನರಸಿಂಗ ರಾಯರು. ಐವರಲ್ಲಿ ನಾಲ್ವರಿಗೆ ಓದು ಬಾರದ ದೇಶದಲ್ಲಿ ೧೭ ಕೋಟಿಗೂ ಮಿಕ್ಕಿದ ಹೆಸರುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡರು. ಹಾಗಿದ್ದೂ ಸುಮಾರು ೨೮ ಲಕ್ಷ ಹೆಂಗಸರು ಬಿಟ್ಟುಹೋದರು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಕಾಯಿದೆ ಗಂಡನನ್ನು ಕೈಬಿಟ್ಟರೂ ರೂಢಿ ಕೈಬಿಡಲಿಲ್ಲವೆಂದಾಯಿತು.

ಮತದಿಂದ ಏನಾಯಿತು ಎಂದು ಕೇಳುವವರಿಗೆ ಈ ಜಿಲ್ಲೆಯಲ್ಲಿ ಒಂದು ಉತ್ತರವಿದೆ. ನೆಲವಿದ್ದವನಿಗೆ ಮತ ಎಂಬ ಕಾಲ ಹೋಗಿ, ಮತವಿದ್ದವನಿಗೆ ನೆಲ ಎಂಬ ಕಾಲ ಬಂತು. ದೇವರಾಜ ಅರಸರ ಸರಕಾರ ಭೂಸುಧಾರಣೆಯ ತಿದ್ದುಪಡಿಯನ್ನು ೧೯೭೪ರಲ್ಲಿ ಜಾರಿಗೆ ತಂದಾಗ ಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಒಕ್ಕಲುಗಳಿಗೆ ಮತವಿಲ್ಲದ ಸಭೆಯಲ್ಲಿ ಅಂಥ ಕಾಯಿದೆ ಹುಟ್ಟುತ್ತಿರಲಿಲ್ಲ. ಆದರೆ ‘ಚೋಮನ ದುಡಿ’ಯನ್ನು ಓದಿದವನಿಗೆ ಇಲ್ಲೊಂದು ಮುಳ್ಳು ಚುಚ್ಚುತ್ತದೆ. ಚೋಮ ಒಕ್ಕಲಲ್ಲ, ಮೂಲದಾಳು. ಗೇಣಿಯ ಚೀಟಿ ಅವನಲ್ಲಿರಲಿಲ್ಲ, ಬಾಯಿಮಾತಿನ ಗೇಣಿಯೂ ಇರಲಿಲ್ಲ. ಅವನು ಆ ವರ್ಷದವರೆಗೆ ಬದುಕಿದ್ದರೂ ಡಿಕ್ಲರೇಶನ್ನಿನಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ೧೯೭೫ರಲ್ಲಿ ಬಿ.ವಿ. ಕಾರಂತರ ಚಲನಚಿತ್ರದಲ್ಲಿ ವಾಸುದೇವರಾಯರ ಚೋಮ ದುಡಿ ಬಾರಿಸಿದಾಗ ಅದು ಕಳೆದುಹೋದ ಕಾಲದ ಸದ್ದಾಗಿರದೆ ಅಂದಿನ ಸದ್ದೇ ಆಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಸಾಹಿತ್ಯದ ಮೇಲೊಂದು ದೂರನ್ನೂ ಹೇಳಬೇಕು. ಮತವಿಲ್ಲದವನನ್ನು ಕುರಿತು ‘ಚೋಮನ ದುಡಿ’ಯಂಥ ಕೃತಿ ಬಂತು, ಮತ ಬಂದವನನ್ನು ಕುರಿತು ಅದರ ಎತ್ತರಕ್ಕೆ ನಿಲ್ಲುವ ಕೃತಿ ಯಾವುದು? ನಮ್ಮ ರಾಜಕೀಯ ಕಾದಂಬರಿಗಳು ಬಹುಪಾಲು ನಾಯಕನ ಕಥೆಗಳು. ಅನಂತಮೂರ್ತಿಯವರ ‘ಅವಸ್ಥೆ’ಯೂ ಕೊನೆಗೆ ನಾಯಕನೊಬ್ಬನ ಅಂತರಂಗದ ಶೋಧನೆಯೇ. ಅದು ದೊಡ್ಡ ಕೃತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಧಣಿಯ ಮತಕ್ಕೂ ತನ್ನ ಮತಕ್ಕೂ ಒಂದೇ ತೂಕವೆಂದು ಮೊದಲ ಸಲ ಅರಿತವನ ಅಂತರಂಗ ಎಲ್ಲಿ? ಕಾರಂತರೇ ೧೯೮೯ರಲ್ಲಿ ಪರಿಸರದ ಪ್ರಶ್ನೆಯನ್ನೆತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಚುನಾವಣೆಯನ್ನು ಲೇವಡಿ ಮಾಡುವುದು ನಮ್ಮ ಹಾಸ್ಯಲೇಖಕರಿಗೆ ಸುಲಭವಾಗಿ ಒದಗಿತು. ಮತದಾರನನ್ನು ಗಂಭೀರವಾಗಿ ನೋಡುವುದು ಯಾಕೋ ಯಾರಿಗೂ ಒದಗಲಿಲ್ಲ.

ಹಳೆಯ ಅರ್ಹತೆಗಳೆಲ್ಲ ಹೋದ ಮೇಲೂ ಒಂದು ಉಳಿದಿದೆ: ವಾಸ. ಇದರ ತೊಡಕನ್ನು ಬಲ್ಲವರು ಪಡುಬಿದ್ರಿಯಂಥ ಊರಿನವರು. ಹೆದ್ದಾರಿಯಿಂದ ಕಾರ್ಕಳದ ದಾರಿ ಕವಲೊಡೆಯುವ ಈ ಊರಿನ ಸುತ್ತಮುತ್ತ ಮುಂಬಯಿಯ ಹೋಟೆಲಿಗೋ ಕೊಲ್ಲಿಯ ದೇಶಗಳಿಗೋ ಮಗನನ್ನು ಕಳಿಸಿದ ಮನೆಗಳಿಗೆ ಲೆಕ್ಕವಿಲ್ಲ. ಊರಿನಲ್ಲಿ ಮನೆಯಿದೆ, ತೋಟವಿದೆ, ದೈವವಿದೆ. ಮಗ ಬರುವುದು ಕೋಲಕ್ಕೆ, ಮದುವೆಗೆ. ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ: ಮನೆಯ ಒಡೆಯನೆಂಬ ಒಂದೇ ಕಾರಣಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಾಗುವುದಿಲ್ಲ, ತಾತ್ಕಾಲಿಕವಾಗಿ ಊರು ಬಿಟ್ಟನೆಂಬ ಕಾರಣಕ್ಕೆ ನಿವಾಸಿಯಾಗದೆ ಹೋಗುವುದೂ ಇಲ್ಲ. ಒಂದು ಕಾಲದಲ್ಲಿ ಒಡೆತನವೇ ಎಲ್ಲವೂ ಆಗಿದ್ದ ನೆಲದಲ್ಲಿ ಈಗ ಒಡೆತನವೊಂದೇ ಸಾಲದು. ಚೋಮನ ಸೇಡು ಇದಕ್ಕಿಂತ ಚೆನ್ನಾಗಿ ತೀರುವಂತಿರಲಿಲ್ಲ! ಪರದೇಶದಲ್ಲಿರುವ ನಮ್ಮ ಪ್ರಜೆಗಳು ರಹದಾರಿಯಲ್ಲಿರುವ ಊರಿನ ಪಟ್ಟಿಗೆ ಸೇರಬಹುದೆಂದು ೨೦೧೦ರಲ್ಲಿ ತಿದ್ದುಪಡಿಯಾಯಿತು. ಮತ ಹಾಕಲು ಮಾತ್ರ ಊರಿಗೇ ಬರಬೇಕು. ತಾತ್ಕಾಲಿಕ ಎಂದರೆ ಎಷ್ಟು ವರ್ಷ? ಮದ್ರಾಸು, ಸೆರೆಮನೆ, ಮುಂಬಯಿ ಎಲ್ಲವನ್ನೂ ಸುತ್ತಿ ಕೋಡಿಗೆ ಮರಳಿದ ಐತಾಳರ ಮೊಮ್ಮಗ ರಾಮ ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವನು. ಮನುಷ್ಯ ಎಲ್ಲಿಗೆ ಸೇರಿದವನೆಂಬುದು ಅವನು ಎಲ್ಲಿ ಮಲಗುತ್ತಾನೆ ಎಂಬುದರಿಂದ ಪೂರ್ತಿ ತಿಳಿಯುವುದಿಲ್ಲ.

ಇದು ಬರಿಯ ಸಾಹಿತ್ಯದ ಚರ್ಚೆಯಲ್ಲ. ೨೦೨೫ರಲ್ಲಿ ಬಿಹಾರದ ಪಟ್ಟಿಯನ್ನು ಪರಿಷ್ಕರಿಸಿದಾಗ ಕರಡಿನಿಂದ ಸುಮಾರು ೬೫ ಲಕ್ಷ ಹೆಸರುಗಳು ಬಿಟ್ಟುಹೋದುವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂಬುದು ಆಯೋಗದ ವಿವರಣೆ. ಕಾರಣಸಹಿತ ಹೆಸರುಗಳನ್ನು ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ಪಟ್ಟಿ ಶುದ್ಧವಾಗಿರಬೇಕು, ನಿಜ. ಆದರೆ ‘ನಾನಿದ್ದೇನೆ’ ಎಂದು ರುಜುವಾತು ಮಾಡುವ ಹೊರೆ ಯಾರ ಹೆಗಲಿಗೆ ಬೀಳುತ್ತದೆ? ಕಾಗದಪತ್ರವಿದ್ದವನಿಗೆ ಅದು ಹೊರೆಯೇ ಅಲ್ಲ. ಚೋಮನಂಥವನ ಮನೆಯಲ್ಲಿ ದುಡಿಯಿರುತ್ತದೆ, ದಾಖಲೆಯಿರುವುದಿಲ್ಲ. ೧೯೫೦ರ ಸುಮಾರಿಗೆ ಸರಕಾರವೇ ಅವನ ಗುಡಿಸಲಿಗೆ ನಡೆದುಹೋಗಿ ನಿನ್ನ ಹೆಸರೇನಪ್ಪಾ ಎಂದು ಕೇಳಿತ್ತು. ಅವನೇ ಕಚೇರಿಗೆ ನಡೆದುಬಂದು ತನ್ನ ಹೆಸರನ್ನು ಸಾಧಿಸಲಿ ಎನ್ನುವ ದಿನ ಬಂದರೆ, ನಾವು ಸಂಕಪ್ಪಯ್ಯನ ಅಂಗಳಕ್ಕೆ ಮರಳಿದಂತೆಯೇ ಸರಿ.